ಎಡಗಡೆಗೆ ಒಂದೇಟು

ಮಾರ್ಚ್ 3, ಸೋಮವಾರ

ಬಿ.ಪಿ. ನೋಡುವ ಡಾಕ್ಟರಮ್ಮ ಹೇಳಿದ್ದಾರೆ, ಸಿಟ್ಟು ಬಂದಾಗ ಕೈ ಎತ್ತುವ ಬದಲು ಪೆನ್ನು ಎತ್ತಿಕೊಳ್ಳಿ, ಮನಸ್ಸಿಗೆ ಬಂದದ್ದು ಬರೆಯಿರಿ, ಯಾರಿಗೂ ತೋರಿಸಬೇಡಿ ಎಂದು. ಸರಿ, ಎತ್ತಿಕೊಂಡಿದ್ದೇನೆ. ದಿನವಿಡೀ ಗ್ಯಾರೇಜಿನಲ್ಲಿ ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗು ಬಡಿದು ಎತ್ತುವವನು ನಾನು. ಇದೊಂದು ಕೆಲಸ ಬಾಕಿ ಇತ್ತು.

ಇವತ್ತಿನ ಸಿಟ್ಟಿಗೆ ಕಾರಣ ಮನೆಯ ಕಂಪ್ಯೂಟರು. ಮಗಳು ಮನೆಯಲ್ಲೇ ಕೂತು ಒಂದು ಪ್ರೆಸ್ಸಿಗೆ ಶಾಲಾ ಪುಸ್ತಕಗಳ ಪುಟ ಜೋಡಿಸಿಕೊಡುತ್ತಾಳೆ. ಯಂತ್ರ ಹಳೆಯದು. ಬೆಳಿಗ್ಗೆ ಗುಂಡಿ ಒತ್ತಿ ಹೋದರೆ ಅವಳು ಸ್ನಾನ ಮುಗಿಸಿ ತಲೆ ಬಾಚಿಕೊಂಡು ಬರುವ ಹೊತ್ತಿಗೆ ಪರದೆ ಬೆಳಗುತ್ತದೆ. ಕೆಲವು ದಿನ ಅದೂ ಇಲ್ಲ, ಕಪ್ಪಗೆ ಮುಖ ಊದಿಸಿಕೊಂಡು ಕೂತಿರುತ್ತದೆ. ಆಗ ನನಗೆ ಕರೆ ಬರುತ್ತದೆ. ಡಬ್ಬಿಯ ಎಡಗಡೆಗೆ ಅಂಗೈ ಬಿಚ್ಚಿ ಒಂದು ಬಿಗಿದರೆ ಕುಂಯ್ ಎಂದು ಎದ್ದು ಕೂರುತ್ತದೆ. ನಮ್ಮ ಮನೆಯಲ್ಲಿ ವರ್ಷಗಳಿಂದ ನಡೆದುಬಂದ ಪದ್ಧತಿ ಇದು. ಹೆಂಡತಿಯೂ ಒಂದೆರಡು ಸಲ ಹೊಡೆದು ನೋಡಿದ್ದಾಳೆ, ಅವಳ ಏಟಿಗೆ ಅದು ಜಗ್ಗುವುದಿಲ್ಲ. ಕೈಯಲ್ಲಿ ದಮ್ಮು ಬೇಕು.

ಇವತ್ತು ಎರಡು ಬಿಗಿದರೂ ಏಳಲಿಲ್ಲ. ಮೂರನೆಯದಕ್ಕೆ ಕಾಲು ಎತ್ತಿದೆ. ಎದ್ದಿತು. ಮಗಳು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದವಳು ಹಾಗೆಯೇ ಹೇಳಿದಳು:

"ಅಪ್ಪಾ, ಪ್ರೆಸ್ಸಿನ ಮೇಡಂ ಅಲ್ಲಿಗೇ ಬಂದು ಕೆಲಸ ಮಾಡು ಅಂತಿದ್ದಾರೆ. ಪ್ರೆಸ್ಸಿನ ಮೇಲ್ಗಡೆ ಇರೋಕೆ ರೂಮೂ ಕೊಡ್ತಾರಂತೆ. ತಿಂಗಳ ಕೊನೇಲಿ ಹೇಳ್ಬೇಕು."

"ಇಲ್ಲೇನು ಕಡಿಮೆಯಾಗಿದೆ ನಿನಗೆ?"

ಅವಳು ಅವರಮ್ಮನ ಮುಖ ನೋಡಿದಳು. ಅವರಮ್ಮ ನೆಲ ನೋಡಿದಳು.

"ಕಂಪ್ಯೂಟರು ತುಂಬಾ ನಿಧಾನ," ಅಂದಳು ಮಗಳು.

"ಅಷ್ಟೇನಾ?"

"ಅಷ್ಟೇ."

ಕೈಯಲ್ಲಿದ್ದ ಚಹಾದ ಲೋಟ ಗೋಡೆಗೆ ಹೋಯಿತು. ಇರುವವಳು ಒಬ್ಬಳೇ ಮಗಳು, ಈ ತಗಡಿನ ಡಬ್ಬಿಯ ದೆಸೆಯಿಂದ ಅವಳು ಮನೆ ಬಿಡುವುದೇ? ತಿಂಗಳು ಮುಗಿಯುವುದರೊಳಗೆ ಅದನ್ನು ಕುದುರೆಯ ಹಾಗೆ ಓಡಿಸದಿದ್ದರೆ ನನ್ನ ಹೆಸರು ಸುತ್ತಿಗೆಯಲ್ಲ. ಗ್ಯಾರೇಜಿನಲ್ಲಿ ಎಲ್ಲರೂ ನನ್ನನ್ನು ಕರೆಯುವುದೇ ಹಾಗೆ.

ಮಾರ್ಚ್ 5, ಬುಧವಾರ

ಡಬ್ಬಿಯ ಎಡಗಡೆಯ ತಗಡು ಬಿಚ್ಚಿದೆ. ಒಳಗೆ ಧೂಳು ಕಂಬಳಿ ಹೊದ್ದು ಮಲಗಿತ್ತು. ಫ್ಯಾನಿನ ರೆಕ್ಕೆ ಯಾವುದು, ಧೂಳು ಯಾವುದು ಗೊತ್ತಾಗುವಂತಿರಲಿಲ್ಲ. ಗಾಳಿಯಾಡದೆ ಯಂತ್ರಕ್ಕೆ ಬಿಸಿಯೇರುತ್ತದೆ, ಬಿಸಿಯೇರಿದರೆ ನಿಧಾನವಾಗುತ್ತದೆ. ಎಂಜಿನ್ ನೋಡಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊತ್ತುಕೊಂಡು ಗ್ಯಾರೇಜಿಗೆ ಹೋದೆ. ಅಲ್ಲಿ ಕಂಪ್ರೆಸರ್ ಇದೆ. ಒಂದು ಸಲ ಗಾಳಿ ಊದಿದರೆ ಹತ್ತು ವರ್ಷದ ಧೂಳು ಎದ್ದು ಓಡಬೇಕು.

ಪೈಪು ಕೈಗೆತ್ತಿಕೊಂಡಾಗ ಬಣ್ಣ ಹೊಡೆಯುವವನು ಆಚೆಯಿಂದ ಕೂಗಿದ. "ಸುತ್ತಿಗೆಯಣ್ಣಾ, ಟ್ಯಾಂಕಿನ ನೀರು ಇಳಿಸಿಲ್ಲ ಇವತ್ತು."

ಕಂಪ್ರೆಸರಿನ ಟ್ಯಾಂಕಿನಲ್ಲಿ ನೀರು ನಿಲ್ಲುತ್ತದೆ, ಎಣ್ಣೆಯೂ ಸೇರಿರುತ್ತದೆ. ಬಣ್ಣ ಹೊಡೆಯುವ ಮುಂಚೆ ಅವನು ಪ್ರತಿದಿನ ಅದನ್ನು ಇಳಿಸುತ್ತಾನೆ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ತಗಡಿಗೆ ಗಾಳಿ ಹಿಡಿಯುವ ನನ್ನ ಕೆಲಸದಲ್ಲಿ ಎರಡು ಹನಿ ನೀರು ಯಾವ ಲೆಕ್ಕ? ಹಿಡಿದೆ. ಧೂಳು ಹೋಯಿತು, ಅದರ ಹಿಂದೆಯೇ ಕೊಳಕು ನೀರು ಪಿಚಕ್ಕನೆ ಹಾರಿ ಒಳಗಿನ ಸರ್ಕ್ಯೂಟ್ ಹಲಗೆಯ ತುಂಬ ಕೂತಿತು.

ಬಣ್ಣದವನು ಬಂದು ಬಗ್ಗಿ ನೋಡಿದ. "ಚೆನ್ನಾಗಿ ಸ್ನಾನ ಮಾಡಿಸಿದೀಯ. ಪೌಡರ್ ತರ್ಲಾ?" ಅಂದ. ಎಲ್ಲರೂ ಹಲ್ಲು ಬಿಟ್ಟರು.

ಮೈಯೆಲ್ಲ ಉರಿದುಹೋಯಿತು. ಒಂದೇ ಗುದ್ದು. ಮೂಗಿನೊಳಗೆ ಏನೋ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಅವನು ಬಿಳಿ ಬಣ್ಣದ ಡಬ್ಬದ ಮೇಲೆ ಬಿದ್ದ, ಬಿಳಿಯಲ್ಲಿ ಕೆಂಪು ಕಲೆಸಿಹೋಯಿತು. ಬಿದ್ದವನ ಪಕ್ಕೆಗೂ ಎರಡು ಕೊಟ್ಟೆ. ಬಿಡಿಸಲು ಬಂದ ಮಾಲೀಕನ ಕಾಲರು ನನ್ನ ಕೈಯಲ್ಲಿ ಹರಿಯಿತು. ಅವನು ಬಾಗಿಲು ತೋರಿಸಿದ. "ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ಕಂಪ್ಯೂಟರು ಹೊತ್ತುಕೊಂಡು ಮನೆಗೆ ಬಂದೆ. ಗುಂಡಿ ಒತ್ತಿದರೆ ಏನೂ ಇಲ್ಲ. ಅದು ನನ್ನ ತಪ್ಪಲ್ಲ, ಅವರು ನಗದೆ ಇದ್ದಿದ್ದರೆ ನಾನು ನೀರು ನೋಡಿ ಒರೆಸುತ್ತಿದ್ದೆ.

ಮಾರ್ಚ್ 6, ಗುರುವಾರ

ಕೆಲಸ ಹೋದ ಸುದ್ದಿ ಹೇಳಿದೆ. ಹೆಂಡತಿ ಯಾಕೆ, ಏನು ಅಂತ ಒಂದು ಮಾತೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೇ ತಲೆ ಕೆಟ್ಟಿತು. ತೋಳು ಹಿಡಿದು ತಳ್ಳಿದೆ. ಕಪಾಟಿನ ಮೂಲೆ ಹುಬ್ಬಿಗೆ ತಗುಲಿತು. ನಾನು ಅಷ್ಟು ಜೋರಾಗೇನೂ ತಳ್ಳಿರಲಿಲ್ಲ, ಕಪಾಟು ಅಲ್ಲಿತ್ತು.

ಯಂತ್ರವನ್ನು ಬಿಚ್ಚಿ ಟೇಬಲ್ ಫ್ಯಾನಿನ ಮುಂದೆ ಒಣಗಲು ಇಟ್ಟಿದ್ದೇನೆ. ಮಗಳು ಪ್ರೆಸ್ಸಿಗೆ ಫೋನ್ ಮಾಡಿ, ಹುಷಾರಿಲ್ಲ, ಕೆಲಸ ಎರಡು ದಿನ ತಡ ಅಂದಳು. ಯಾರಿಗೆ ಹುಷಾರಿಲ್ಲ ಅಂತ ಹೇಳಲಿಲ್ಲ.

ಮಾರ್ಚ್ 8, ಶನಿವಾರ

ಒಣಗಿದ ಮೇಲೆ ಗುಂಡಿ ಒತ್ತಿದೆ. ಒಳಗಿನ ಫ್ಯಾನು ತಿರುಗಿತು, ಪರದೆ ಬರಲಿಲ್ಲ. ಎಡಗಡೆಗೆ ಐದಾರು ಬಿಗಿದೆ, ಅಂಗೈ ಚುರುಗುಟ್ಟಿತು, ಅಷ್ಟೇ. ಎರಡು ಬೀದಿಯಾಚೆ ಇರುವ ರಿಪೇರಿಯವನ ಅಂಗಡಿಗೆ ತೆಗೆದುಕೊಂಡು ಹೋದೆ. ಮಹಾ ಬಾಯಿಬಡುಕ. ಯಂತ್ರ ನೋಡುವ ಮುಂಚೆಯೇ ಹೊಸದು ತಗೊಳ್ಳಿ ಅಂತ ಶುರುಮಾಡಿದ. ಹೊಸದಕ್ಕೆ ಬಂದಿಲ್ಲ ಅಂದೆ. ಡಬ್ಬಿಯ ಎಡಗಡೆಯನ್ನು ತಡವಿ ನೋಡಿದ. ಅದು ಒಳಕ್ಕೆ ಕುಳಿ ಬಿದ್ದಿತ್ತು.

"ಯಾರ್ರೀ ಇದನ್ನ ಹೀಗೆ ಹೊಡೆದಿದ್ದು?"

"ಹೊಡೆದ್ರೆ ಶುರುವಾಗುತ್ತೆ."

ಅವನು ನಕ್ಕ. ಈ ಊರಿನಲ್ಲಿ ಎಲ್ಲರಿಗೂ ನಗುವ ಕಾಯಿಲೆ ಬಂದಿದೆ. ಗಲ್ಲಾದ ಗಾಜಿಗೆ ಗುದ್ದಿದೆ. ಗಾಜು ಪುಡಿಯಾಯಿತು, ಬೆರಳ ಗೆಣ್ಣುಗಳು ಸೀಳಿದವು. ಓಡಿಹೋಗುತ್ತಾನೆ ಅಂದುಕೊಂಡರೆ ಆಸಾಮಿ ಎದೆ ಕೊಟ್ಟು ನಿಂತ.

"ಹೊಡೀರಿ. ನನಗೂ ಎಡಗಡೆಗೇ ಹೊಡೀರಿ. ಶುರುವಾಗ್ತೀನೋ ನೋಡೇಬಿಡೋಣ."

ಯಾಕೋ ಕೈ ಮೇಲೇಳಲಿಲ್ಲ. ರಕ್ತ ಸುರಿಯುತ್ತಿತ್ತು, ಅದಕ್ಕೇ ಇರಬೇಕು. ಅವನು ಬೈದುಕೊಳ್ಳುತ್ತಲೇ ಒಂದು ಬಟ್ಟೆ ಎಸೆದ, ಬೈದುಕೊಳ್ಳುತ್ತಲೇ ಯಂತ್ರ ಬಿಚ್ಚಿ ತೋರಿಸಿದ. ಒಂದು ಗೇಣುದ್ದದ ಪಟ್ಟಿ ಇದೆ, ಮೆಮೊರಿ ಅಂತ. ಅದು ತನ್ನ ಜಾಗದಲ್ಲಿ ಸಡಿಲವಾಗಿತ್ತು. ನನ್ನ ಏಟಿಗೆ ಅಲುಗಾಡಿ ಒಂದೊಂದು ಸಲ ಸರಿಯಾಗಿ ಕೂರುತ್ತಿತ್ತು, ಯಂತ್ರ ಏಳುತ್ತಿತ್ತು. ಎರಡೂ ತುದಿಗೆ ಹೆಬ್ಬೆರಳಿಟ್ಟು ಮೆಲ್ಲಗೆ ಅದುಮಿದ. ಟಕ್ ಅಂತು. ಪರದೆ ಬಂತು.

"ಇಷ್ಟೇನಾ?"

"ಇಷ್ಟೇ. ಇಷ್ಟಕ್ಕೆ ಇಷ್ಟು ವರ್ಷ ಬಡಿದಿದೀರಿ. ನಿಮ್ಮ ಒಂದೊಂದು ಏಟೂ ಈ ಡಿಸ್ಕಿಗೆ ಹೋಗಿ ಬಿದ್ದಿದೆ ನೋಡಿ."

ಡಿಸ್ಕಿನೊಳಗೆ ತಟ್ಟೆಯೊಂದು ತಿರುಗುತ್ತಿರುತ್ತದಂತೆ, ಅದರ ಮೇಲೆ ಕೂದಲೆಳೆಯ ಅಂತರದಲ್ಲಿ ಒಂದು ಮುಳ್ಳು. ಹೊಡೆದಾಗಲೆಲ್ಲ ಮುಳ್ಳು ತಟ್ಟೆಯನ್ನು ಗೀಚುತ್ತದೆ. ಗೀಚಿದ ಜಾಗ ಮತ್ತೆ ಸರಿಯಾಗುವುದಿಲ್ಲ. ಯಂತ್ರ ಅಲ್ಲಿ ಬರೆದದ್ದನ್ನು ಓದಲು ಮತ್ತೆ ಮತ್ತೆ ತಿಣುಕುತ್ತದೆ. ಅದಕ್ಕೇ ಇಷ್ಟು ನಿಧಾನ. ತಿರುಗುವ ತಟ್ಟೆಯೇ ಇಲ್ಲದ ಹೊಸ ನಮೂನೆ ಡಿಸ್ಕು ತಂದು, ಹಳೆಯದರಲ್ಲಿ ಉಳಿದದ್ದನ್ನೆಲ್ಲ ಅದಕ್ಕೆ ನಕಲು ಮಾಡಿಕೊಳ್ಳಬೇಕಂತೆ.

"ನಕಲು ಆಗೋವಾಗ ಮೇಜಿಗೂ ಕೈ ತಗುಲಿಸ್ಬೇಡಿ," ಅಂದ. "ಇನ್ನೊಂದು ಏಟು ಬಿದ್ರೆ ಅದು ಕಣ್ಮುಚ್ಚುತ್ತೆ."

ನಾನೇ ಹೊಡೆದು ಎಬ್ಬಿಸಿದೆ, ನಾನೇ ಹೊಡೆದು ನಿಧಾನ ಮಾಡಿದೆ ಅಂತ ಅವನ ಮಾತಿನ ಅರ್ಥ. ಇವನ ವಿದ್ಯೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಹೊಸ ಡಿಸ್ಕು ಮಾತ್ರ ತರಿಸಿಕೊಡು ಅಂದೆ.

ಮಾರ್ಚ್ 11, ಮಂಗಳವಾರ

ಇವತ್ತಿನ ದಿನ ಚೆನ್ನಾಗಿತ್ತು. ಡಿಸ್ಕು ಬರುವ ತನಕ ಬೇರೆ ಕೆಲಸ ಮುಗಿಸೋಣ ಅಂತ ಕೂತೆವು, ನಾನು ಮತ್ತು ಮಗಳು. ನಾನು ಒಳಗಡೆ, ಅವಳು ಪರದೆಯ ಮುಂದೆ.

ಮೊದಲು ವೈರು ಕಿತ್ತು, ಉಳಿದ ಧೂಳನ್ನು ಮೆತ್ತನೆಯ ಕುಂಚದಲ್ಲಿ ತೆಗೆದೆ. ಫ್ಯಾನಿನ ಒಂದೊಂದೇ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡು ಒರೆಸಿದೆ. ಅದರ ಕೆಳಗೆ ಪ್ರೊಸೆಸರ್ ಅನ್ನುವ ಯಂತ್ರದ ಮಿದುಳಿನ ಮೇಲೆ ಹಚ್ಚಿದ ಲೇಪ ಒಣಗಿ ಬಿರುಕು ಬಿಟ್ಟಿತ್ತು, ಕೆರೆದು ಹೊಸದು ಹಚ್ಚಿದೆ, ಒಂದು ಬಟಾಣಿಯಷ್ಟು. ಮೆಮೊರಿ ಪಟ್ಟಿ ತೆಗೆದು, ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಹೆಬ್ಬೆರಳಿಟ್ಟು ಅದುಮಿದೆ. ಟಕ್. ಆಮೇಲೆ ಸುಮ್ಮನೆ ತೆಗೆದು ಇನ್ನೊಂದು ಸಲ ಕೂರಿಸಿದೆ, ಆ ಸದ್ದು ಕೇಳೋಣ ಅಂತ.

ಯಂತ್ರ ಏಳುವಾಗಲೇ ಕರೆಯದ ನೆಂಟರ ಹಾಗೆ ಹದಿನೈದು ಇಪ್ಪತ್ತು ಪ್ರೋಗ್ರಾಮುಗಳು ತಾವೂ ಎದ್ದು ಕೂರುತ್ತಿದ್ದವು. ಮಗಳು ಒಂದೊಂದನ್ನೇ ನಿಲ್ಲಿಸಿದಳು. ಯಾವ ಕಾಲದ್ದೋ ಆಟಗಳು, ಈಗ ಮನೆಯಲ್ಲಿಲ್ಲದ ಪ್ರಿಂಟರಿನ ಪ್ರೋಗ್ರಾಮು.

"ಇದು ನೋಡಿ ಅಪ್ಪಾ, ಪ್ರಿಂಟರು ಗುಜರಿಗೆ ಹೋಗಿ ಆರು ವರ್ಷ ಆಯ್ತು. ಇದು ಇನ್ನೂ ದಿನಾ ಬೆಳಿಗ್ಗೆ ಎದ್ದು ಅದನ್ನ ಹುಡುಕ್ತಿದೆ."

ಇಬ್ಬರೂ ನಕ್ಕೆವು. ಅವಳು ನನ್ನ ಮುಂದೆ ನಕ್ಕಿದ್ದು ಯಾವಾಗಲೋ. ಆಮೇಲೆ ನಾನೂ ಒಂದು ಫೋಲ್ಡರು ಅಳಿಸಲು ಹೋದಾಗ, ಬೇಡ, ತೆಗೀಬೇಡಿ ಅಂತ ನನ್ನ ಕೈಯಿಂದ ಮೌಸ್ ಕಿತ್ತುಕೊಂಡಳು. ಕಿತ್ತುಕೊಳ್ಳುವುದೆಂದರೇನು? ಮೌಸು ಗೋಡೆಗೆ ಹೋಯಿತು. ಅಷ್ಟು ಬಿಟ್ಟರೆ ದಿನ ಚೆನ್ನಾಗಿತ್ತು.

ಮಾರ್ಚ್ 15, ಶನಿವಾರ

ಡಿಸ್ಕು ಬಂತು. ಬೆಳಿಗ್ಗೆಯೇ ನಕಲಿಗೆ ಹಾಕಿದೆವು. ಗಣಿತದ ಪುಸ್ತಕವೊಂದರ ಪುಟಗಳೆಲ್ಲ ಹಳೆಯ ಡಿಸ್ಕಿನಲ್ಲಿದ್ದವು, ಮಗಳ ನಾಲ್ಕು ತಿಂಗಳ ಕೆಲಸ. ಬೇರೆ ಎಲ್ಲೂ ಇಡಲು ಆಗಿರಲಿಲ್ಲ, ಇಡಲು ಹೋದಾಗೆಲ್ಲ ಯಂತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಇರುವೆಯ ಹಾಗೆ ತೆವಳುತ್ತಿತ್ತು. ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು. ಗೀಚಿದ ಜಾಗ ಬಂದಾಗ ಪಟ್ಟಿ ನಿಲ್ಲುತ್ತಿತ್ತು. ಮಗಳು ಉಸಿರು ಬಿಗಿಹಿಡಿದು ಕೂತಿದ್ದಳು. ಹೆಂಡತಿ ತುದಿಗಾಲಲ್ಲಿ ಓಡಾಡುತ್ತಿದ್ದಳು.

ಮಧ್ಯಾಹ್ನ ಗ್ಯಾರೇಜಿನ ಮಾಲೀಕನ ಫೋನು. ಬಣ್ಣದವನ ಮೂಗಿನ ಮೂಳೆ ಮುರಿದಿದೆ, ಪಕ್ಕೆಲುಬೂ ಒಂದು ಬಿರುಕು ಬಿಟ್ಟಿದೆ, ಪೊಲೀಸರ ಹತ್ತಿರ ಹೋಗುವುದೊಂದು ಬಾಕಿ ಅಂದ. "ಅವನ ಕೈಕಾಲು ಹಿಡ್ಕೊಂಡು ತಪ್ಪಾಯ್ತು ಅನ್ನು, ಕೆಲಸಕ್ಕೂ ವಾಪಸ್ ತಗೋತೀನಿ. ಇಲ್ಲಾಂದ್ರೆ ನಿನ್ನ ಪಾಡು ನಿಂದು." ಫೋನ್ ಇಟ್ಟಾಗ ಕಣ್ಣಿಗೆ ಕತ್ತಲೆ ಬಂದಿತ್ತು. ಒಳಗೆ ಬಂದು ನೋಡಿದರೆ ಹಸಿರು ಪಟ್ಟಿ ಬೆಳಿಗ್ಗೆ ಇದ್ದಲ್ಲೇ ಇದೆ. ಟಿಕ್ ಟಿಕ್. ಟಿಕ್ ಟಿಕ್. ನನ್ನನ್ನು ಅಣಕಿಸುತ್ತಿದೆ ಅನ್ನಿಸಿತು. ಕೈ ತಾನಾಗಿಯೇ ಮೇಲೆ ಹೋಯಿತು.

ಮಗಳು ಎದ್ದು ನನಗೂ ಡಬ್ಬಿಗೂ ನಡುವೆ ಬಂದು ನಿಂತಳು. ಕೂಗಲಿಲ್ಲ. ಮೆಲ್ಲಗೆ ಹೇಳಿದಳು.

"ಇದಕ್ಕೆ ಬೇಡ ಅಪ್ಪಾ. ನನಗೆ ಹೊಡೀರಿ. ನನಗೆ ಅಭ್ಯಾಸ ಇದೆ, ಇದು ಇನ್ನೊಂದು ತಡೆಯಲ್ಲ."

ಎತ್ತಿದ ಕೈ ಎಲ್ಲಾದರೂ ಇಳಿಯಲೇಬೇಕಲ್ಲ. ಅವಳ ಎಡಗೆನ್ನೆ, ಕಿವಿ ಸೇರಿಸಿ ಬಿತ್ತು. ತಗಡಿಗೆ ಹೊಡೆಯುವ ಏಟು ಅದು, ಅದೇ ಜೋರಿನಲ್ಲಿ ಬಿತ್ತು. ಬೀಳುವಾಗಲೂ ಅವಳು ಮೇಜಿನ ಕಡೆ ಬೀಳದ ಹಾಗೆ ಮೈ ತಿರುಗಿಸಿ ಇನ್ನೊಂದು ಕಡೆ ಗೋಡೆಗೆ ಹೋಗಿ ಬಿದ್ದಳು. ಮೇಜು ಅಲುಗಲಿಲ್ಲ. ಅವಳ ಕಿವಿಯಿಂದ ಸಣ್ಣಗೆ ರಕ್ತ ಬಂತು. ಹೆಂಡತಿ ಅವಳನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಹೊರಗೆ ಕುರ್ಚಿಯ ಮೇಲೆ ಕೂತೆ. ಅಡ್ಡ ಬಂದಿದ್ದು ಅವಳೇ. ಸಂಜೆ ಹೊತ್ತಿಗೆ ನಕಲು ಪೂರ್ತಿಯಾಯಿತು. ಗಣಿತದ ಒಂದು ಪುಟವೂ ಹೋಗಿಲ್ಲ. ಬಾಗಿಲ ಹೊರಗಿನಿಂದಲೇ ಕೂಗಿ ಹೇಳಿದೆ.

ಮಾರ್ಚ್ 16, ಭಾನುವಾರ

ಹೊಸ ಡಿಸ್ಕು ಹಾಕಿ ಗುಂಡಿ ಒತ್ತಿದೆ. ನಾನು ಕುರ್ಚಿ ಎಳೆದುಕೊಳ್ಳುವ ಮುಂಚೆಯೇ ಪರದೆ ಬೆಳಗಿತು. ನಂಬಿಕೆಯಾಗದೆ ನಾಲ್ಕು ಸಲ ಆರಿಸಿ ಹಚ್ಚಿದೆ. ಇದನ್ನು ನೋಡಲು ಮನೆಯಲ್ಲಿ ಯಾರೂ ಇರಲಿಲ್ಲ. ಅಮ್ಮ ಮಗಳು ಅಂಗಡಿಗೆ ಹೋಗಿದ್ದರು. ಬಂದಾಗ ಕೈಯಲ್ಲಿ ಚೀಲವಿರಲಿಲ್ಲ.

ಮಾರ್ಚ್ 20, ಗುರುವಾರ

ಮಗಳಿಗೆ ಕೊಬ್ಬು ಬಂದಿದೆ. ಎಡಗಡೆಯಿಂದ ಕರೆದರೆ ತಿರುಗಿಯೂ ನೋಡುವುದಿಲ್ಲ. ಇವತ್ತು ಊಟಕ್ಕೆ ಕೂತಾಗ ಮೂರು ಸಲ ನೀರು ಕೇಳಿದೆ, ಕಲ್ಲಿನ ಹಾಗೆ ಕೂತಿದ್ದಳು. ಹೆಂಡತಿ ಧಡಕ್ಕನೆ ಎದ್ದು ಕೊಟ್ಟಳು. ಮುಂಚೆಯಾಗಿದ್ದರೆ ತಟ್ಟೆ ಹಾರುತ್ತಿತ್ತು. ಪಕ್ಕದ ಮೇಜಿನ ಮೇಲೆ ಕಂಪ್ಯೂಟರು ಓಡುತ್ತಿತ್ತು, ಏನಾದರೂ ತಗುಲೀತು ಅಂತ ಸುಮ್ಮನಾದೆ. ಹೊಸ ಡಿಸ್ಕಿಗೆ ಏಟಿನ ಭಯವಿಲ್ಲ ಅಂತ ರಿಪೇರಿಯವನು ಹೇಳಿದ್ದಾನೆ, ಆದರೂ.

ಸಂಜೆ ಬಣ್ಣದವನ ಮನೆಗೆ ಹೋಗಿ ಬಂದೆ. ಬಾಗಿಲು ತೆಗೆದವನು ನನ್ನನ್ನು ನೋಡಿ ಎರಡು ಕೈಯನ್ನೂ ಮುಖಕ್ಕೆ ಅಡ್ಡ ಹಿಡಿದ. ಹೇಳಬೇಕಾದ್ದನ್ನು ಹೇಳಿದೆ. ಅವನ ಹೆಂಡತಿ ಕೂತುಕೊಳ್ಳಿ ಅನ್ನಲಿಲ್ಲ. ಬರುವ ದಾರಿಯಲ್ಲಿ ರಿಪೇರಿಯವನ ಗಲ್ಲಾಕ್ಕೆ ಹೊಸ ಗಾಜು ಕೂರಿಸಿಕೊಟ್ಟೆ. ಅವನು ಸುಮ್ಮನೆ ಬಾಯಿಗೆ ಬಂದ ಹಾಗೆ ಬೈದ.

ಮಾರ್ಚ್ 24, ಸೋಮವಾರ

ಗ್ಯಾರೇಜಿಗೆ ಮತ್ತೆ ಹೋಗುತ್ತಿದ್ದೇನೆ. ಇವತ್ತು ಒಂದು ಬಾಗಿಲಿನ ತಗ್ಗನ್ನು ಸುತ್ತಿಗೆ ಮುಟ್ಟಿಸದೆ, ಒಳಗಿನಿಂದ ಹೆಬ್ಬೆರಳಲ್ಲಿ ಅದುಮಿ ಅದುಮಿ ಎತ್ತಿದೆ. ಅರ್ಧ ದಿನ ಹಿಡಿಯಿತು. ಸುತ್ತಿಗೆಗೆ ವಯಸ್ಸಾಯ್ತು ಅಂತ ಯಾರೋ ಅಂದರು. ಅನ್ನಲಿ.

ಮನೆಗೆ ಬಂದಾಗ ಮಗಳು ಪರದೆಯ ಮುಂದಿದ್ದಳು. ಪುಟಗಳು ಸರಸರನೆ ಹೋಗುತ್ತಿದ್ದವು. ಹಿಂದಿನಿಂದ ಬಂದು, ಹೇಗೆ ಓಡ್ತಿದೆ ಅಂತ ಕೇಳಿದೆ. ಮಾತಿಲ್ಲ. ಭುಜ ಮುಟ್ಟಿದೆ, ಅಷ್ಟೇ. ಚಿಟ್ಟನೆ ಚೀರಿ ಕುರ್ಚಿ ಸಮೇತ ಕೆಳಗೆ ಬಿದ್ದಳು. ಹೆಂಡತಿ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದುಕೊಂಡು ಓಡಿಬಂದು ನನ್ನ ಎದುರು ನಿಂತಳು. ನನ್ನ ಮೇಲೆ ಲಟ್ಟಣಿಗೆ ಎತ್ತಿದವಳು ಇವಳೇನಾ ಅನ್ನಿಸಿತು. ನಾನು ಏನೂ ಮಾಡಿಲ್ಲ ಮಾರಾಯ್ತಿ ಅಂದೆ. ಅವಳ ಕೈ ಕೆಳಗಿಳಿಯಲಿಲ್ಲ. ನಾನೇ ಆಚೆ ಹೋದೆ.

ಮಾರ್ಚ್ 30, ಭಾನುವಾರ

ಬೆಳಿಗ್ಗೆ ಎದ್ದಾಗ ಬಾಗಿಲ ಹತ್ತಿರ ಎರಡು ಪೆಟ್ಟಿಗೆ ಇದ್ದವು. ಮಗಳು ಚಪ್ಪಲಿ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಕಂಪ್ಯೂಟರು ಮೇಜಿನ ಮೇಲೇ ಇತ್ತು, ಒರೆಸಿಟ್ಟಿದ್ದಳು.

ನಾನು ಅವಳ ಪಕ್ಕ ಹೋಗಿ ನಿಂತು ಕೇಳಿದೆ. "ಕಂಪ್ಯೂಟರು ಸರಿಹೋಗಿದೆಯಲ್ಲ. ಮತ್ಯಾಕೆ?"

ಅವಳು ನನ್ನ ತುಟಿ ನೋಡಿದಳು. "ಅಪ್ಪಾ, ಈ ಕಡೆ ಬಂದು ಹೇಳಿ. ಆ ಕಿವಿ ಕೇಳಿಸಲ್ಲ."

"ಕೇಳಿಸಲ್ಲ ಅಂದ್ರೆ? ಯಾವತ್ತಿಂದ?"

ಹೆಂಡತಿ ಹೇಳಿದಳು. "ಯಾವತ್ತಿಂದ ಅಂತ ನಿಮಗೆ ಗೊತ್ತಿಲ್ವಾ? ನಕಲು ಮಾಡ್ತಿದ್ರಲ್ಲ, ಅವತ್ತಿಂದ. ಒಳಗಿನ ತಮಟೆ ಹರಿದುಹೋಗಿದೆ. ಎರಡು ಸಲ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೆ. ಪೂರ್ತಿ ವಾಪಸ್ ಬರಲ್ಲ ಅಂದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇನ್ನೊಂದು ಉಳೀತಿತ್ತಾ?"

ಮಗಳು ನನ್ನ ಕಡೆ ಬಲಕಿವಿ ಮಾಡಿಕೊಂಡು ಕೂತಳು. ಒಂದೇ ಸಮನೆ ಹೇಳಿದಳು.

"ಕಂಪ್ಯೂಟರು ನಿಧಾನ ಅಂತ ಹೋಗ್ತೀನಿ ಅಂದಿದ್ದು ಸುಳ್ಳು ಅಪ್ಪಾ. ಅವತ್ತು ಬಾಯಿಗೆ ಅದೇ ಬಂತು. ನೀವು ಕೂತು ಅದನ್ನ ನಿಜವಾಗ್ಲೂ ಸರಿ ಮಾಡ್ತೀರಿ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಎಷ್ಟು ಚೆನ್ನಾಗಿ ಮಾಡಿದೀರಿ. ಈಗ ನನ್ನ ಹತ್ರ ಹೇಳೋಕೆ ಬೇರೆ ನೆಪಾನೇ ಇಲ್ಲ. ನಿಮ್ಮ ಕೈಗೆ ಹೆದರಿ ಹೋಗ್ತಿದೀನಿ. ಅಮ್ಮನೂ ಬರ್ತಾಳೆ."

ನಾನು ಕೈ ನೋಡಿಕೊಂಡೆ. ಅವು ಸುಮ್ಮನೆ ಜೋತುಬಿದ್ದಿದ್ದವು. ಅವರಿಬ್ಬರೂ ಅವನ್ನೇ ನೋಡುತ್ತಿದ್ದರು. ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡೆ. ಬಂದದ್ದು ಸಿಟ್ಟಲ್ಲ, ಸಿಟ್ಟು ನನಗೆ ಚೆನ್ನಾಗಿ ಗೊತ್ತು.

ಟ್ಯಾಕ್ಸಿ ಬಂತು. ಪೆಟ್ಟಿಗೆಗಳನ್ನು ಡ್ರೈವರೇ ಇಟ್ಟ, ಹೆಂಡತಿ ನನ್ನನ್ನು ಮುಟ್ಟಲು ಬಿಡಲಿಲ್ಲ. ಕಂಪ್ಯೂಟರು ತಗೊಂಡು ಹೋಗು ಅಂದೆ. ಅಲ್ಲಿ ಇದೆ ಅಪ್ಪಾ, ಇದು ಇಲ್ಲೇ ಇರ್ಲಿ, ಪುಟಗಳನ್ನೆಲ್ಲ ಕಳಿಸಿಯಾಗಿದೆ ಅಂದಳು. ಅಷ್ಟು ಬೇಗ ಹೇಗೆ ಕಳಿಸಿದೆ ಅಂತ ಕೇಳಲು ಹೋಗಿ ಬಿಟ್ಟೆ. ಬೇಗ ಹೋಗುವ ಹಾಗೆ ಮಾಡಿದವನು ನಾನೇ.

ಅವಳು ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಳು. ನಾನು ಬಗ್ಗಿ, ಜೋರಾಗಿ ಹೇಳಿದರೆ ಬೆಚ್ಚಿಬೀಳುತ್ತಾಳೆ ಅಂತ, ಆದಷ್ಟು ಮೆಲ್ಲಗೆ ಹೇಳಿದೆ. ತಪ್ಪಾಯ್ತು ಮಗಳೇ, ಹೋಗಬೇಡ ಅಂದೆ. ಇನ್ನೊಂದು ಸಲವೂ ಅಂದೆ. ಅವಳು ಎದುರಿಗಿನ ರಸ್ತೆ ನೋಡುತ್ತಿದ್ದಳು, ತಿರುಗಲಿಲ್ಲ. ನಾನು ನಿಂತದ್ದು ಎಡಗಡೆ ಅಂತ ಆಮೇಲೆ ಹೊಳೆಯಿತು. ಕಾರನ್ನು ಸುತ್ತಿಕೊಂಡು ಬಲಗಡೆಗೆ ಹೋಗುವಷ್ಟರಲ್ಲಿ ಅದು ಹೊರಟಿತು.